ಇಂಧನ ನಿಯಂತ್ರಣ: ಕೇಂದ್ರ ಕಾಯ್ದೆಗಳು ಮತ್ತು ಮಂಗಳೂರು ಕರಾವಳಿ

ವಿದ್ಯುತ್, ಪೆಟ್ರೋಲಿಯಂ, ಅನಿಲ, ಕಲ್ಲಿದ್ದಲು, ಪರಮಾಣು ಶಕ್ತಿ ಇವುಗಳ ಉತ್ಪಾದನೆ, ಸಾಗಾಟ, ಮಾರಾಟ ಮತ್ತು ಬಳಕೆಯನ್ನು ಕಾನೂನಿನ ಹಿಡಿತದಲ್ಲಿಡುವ ವ್ಯವಸ್ಥೆಗೆ ಇಂಧನ ನಿಯಂತ್ರಣ ಎನ್ನುತ್ತಾರೆ. ಭಾರತದಲ್ಲಿ ಇದರ ಮೂಲ ಕಾಯ್ದೆಗಳು ಬಹುಮಟ್ಟಿಗೆ ಸಂಸತ್ತಿನವು. ಜಾರಿ ಮಾಡುವ ಸಂಸ್ಥೆಗಳು ಮಾತ್ರ ದೆಹಲಿ, ನಾಗಪುರ, ಬೆಂಗಳೂರು, ಮಂಗಳೂರುಗಳಲ್ಲಿ ಹಂಚಿಹೋಗಿವೆ. ಕಚ್ಚಾತೈಲ ಇಳಿಯುವ ಬಂದರು, ಅದನ್ನು ಸಂಸ್ಕರಿಸುವ ಕಾರ್ಖಾನೆ, ಕಲ್ಲಿದ್ದಲಿನ ವಿದ್ಯುತ್ ಸ್ಥಾವರ, ಅನಿಲದ ಕೊಳವೆ ಮಾರ್ಗ ಎಲ್ಲವೂ ಒಂದೇ ಕಡೆ ಇರುವುದರಿಂದ ಈ ಹಂಚಿಕೆಯನ್ನು ನೋಡಲು ಮಂಗಳೂರಿನಷ್ಟು ಅನುಕೂಲದ ಊರು ಕರ್ನಾಟಕದಲ್ಲಿ ಇನ್ನೊಂದಿಲ್ಲ.

ಅಧಿಕಾರದ ಗಡಿ ಹಾಕಿರುವುದು ಸಂವಿಧಾನದ ಏಳನೆಯ ಅನುಸೂಚಿ. ಪೆಟ್ರೋಲಿಯಂ ಮತ್ತು ಪರಮಾಣು ಶಕ್ತಿ ಕೇಂದ್ರ ಪಟ್ಟಿಯಲ್ಲಿವೆ. ಕೈಗಾ ಪರಮಾಣು ವಿದ್ಯುತ್ ಸ್ಥಾವರದ ವಿಚಾರದಲ್ಲಿ ರಾಜ್ಯದ ಮಾತಿಗೆ ಹೆಚ್ಚಿನ ಜಾಗವಿಲ್ಲದಿರುವುದು ಇದರಿಂದಲೇ. ವಿದ್ಯುತ್ ಸಮವರ್ತಿ ಪಟ್ಟಿಯಲ್ಲಿದೆ. ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದು, ತಿಕ್ಕಾಟ ಬಂದರೆ ಸಾಮಾನ್ಯವಾಗಿ ಕೇಂದ್ರದ್ದೇ ಮೇಲುಗೈ. ‘ಅನಿಲ ಮತ್ತು ಅನಿಲ ಕಾರ್ಖಾನೆ’ ರಾಜ್ಯ ಪಟ್ಟಿಯಲ್ಲಿದ್ದರೂ ನೈಸರ್ಗಿಕ ಅನಿಲ ಕೇಂದ್ರಕ್ಕೇ ಸೇರಿದ್ದು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ತೀರ್ಮಾನಿಸಿತು.

ರಸ್ತೆಯ ಮೇಲಿನ ಕಾನೂನು

ಮಂಗಳೂರಿನ ನಂತೂರು ವೃತ್ತದಲ್ಲಿ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಮೂಡುಬಿದಿರೆ, ಕಾರ್ಕಳದ ಕಡೆಯ ರಸ್ತೆ ಬಂದು ಕೂಡುತ್ತದೆ. ಪಣಂಬೂರು, ಸುರತ್ಕಲ್ ಕಡೆಯಿಂದ ಕೇರಳಕ್ಕೋ ಬೆಂಗಳೂರಿಗೋ ಹೊರಟ ಅಡುಗೆ ಅನಿಲದ ಬುಲೆಟ್ ಟ್ಯಾಂಕರ್‌ಗಳು ಈ ವೃತ್ತ ದಾಟಿ ಪಂಪ್‌ವೆಲ್‌ಗೆ ಇಳಿಯುತ್ತವೆ. ಸಿಗ್ನಲ್‌ಗೆ ನಿಂತ ಟ್ಯಾಂಕರನ್ನು ಗಮನಿಸಿದರೆ ಕಿತ್ತಳೆ ಬಣ್ಣದ ಒಂದು ಫಲಕ ಕಾಣುತ್ತದೆ. ಅದರಲ್ಲಿ 1075 ಎಂಬ ಅಂಕಿ, ತುರ್ತು ದೂರವಾಣಿ ಸಂಖ್ಯೆ, ಬೆಂಕಿಯ ಗುರುತು ಇರುತ್ತವೆ. 1075 ಎಂಬುದು ದ್ರವೀಕೃತ ಪೆಟ್ರೋಲಿಯಂ ಅನಿಲಕ್ಕೆ ವಿಶ್ವಸಂಸ್ಥೆ ಕೊಟ್ಟಿರುವ ಸಂಖ್ಯೆ. ಫಲಕ ಕಡ್ಡಾಯವಾದದ್ದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಂದ. ಟ್ಯಾಂಕಿನ ಉಕ್ಕು, ಕವಾಟ, ಒತ್ತಡದ ಪರೀಕ್ಷೆಗಳ ನಿಯಮಗಳು ಬೇರೆ. ಅವು 1884ರ ಸ್ಫೋಟಕಗಳ ಕಾಯ್ದೆಯಡಿ ಬರುತ್ತವೆ. ಅವನ್ನು ನೋಡಿಕೊಳ್ಳುವುದು ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ, ಅಂದರೆ ಪೆಸೊ. ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕಿಗೂ ಇದೇ ಸಂಸ್ಥೆಯ ಪರವಾನಗಿ ಬೇಕು, 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ.

ಈ ನಿಯಮಗಳ ಬೆಲೆ ಕರಾವಳಿಗೆ ಗೊತ್ತು. 2012ರ ಆಗಸ್ಟ್ 27ರ ರಾತ್ರಿ ಮಂಗಳೂರಿನಿಂದ ಹೊರಟಿದ್ದ ಅನಿಲ ಟ್ಯಾಂಕರೊಂದು ಕಣ್ಣೂರಿನ ಚಾಲದಲ್ಲಿ ಮಗುಚಿ ಸ್ಫೋಟಗೊಂಡು 20 ಜನರ ಪ್ರಾಣ ಹೋಯಿತು. ಮರುವರ್ಷದ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಅಂಥದೇ ದುರಂತ ನಡೆದು ರಸ್ತೆ ಬದಿಯ ಮನೆಗಳಿಗೂ ಬೆಂಕಿ ಹಬ್ಬಿತು. ಟ್ಯಾಂಕಿನ ಹೊಣೆ ಪೆಸೊದ್ದು, ವಾಹನ ಮತ್ತು ಚಾಲಕನ ಪರವಾನಗಿ ರಾಜ್ಯದ ಸಾರಿಗೆ ಇಲಾಖೆಯದ್ದು, ಹೆದ್ದಾರಿಯ ತಿರುವು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ರಸ್ತೆ ಬದಿಯಲ್ಲಿ ಮನೆ ಇರುವವರಿಗೆ ಈ ಮೂರರಲ್ಲಿ ಯಾವುದರ ಮುಂದೆಯೂ ಮುಂಚಿತವಾಗಿ ಅಹವಾಲು ಹೇಳಿಕೊಳ್ಳುವ ನಿಯಮಬದ್ಧ ವೇದಿಕೆಯಿಲ್ಲ. ಇದು ಈ ಕ್ಷೇತ್ರದ ದೊಡ್ಡ ಕೊರತೆ.

ಟ್ಯಾಂಕರ್‌ಗಳು ಸಾಗಿಸುವ ಅಡುಗೆ ಅನಿಲ ಬೇರೆ, ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಬೇರೆ. ಗೇಲ್ ಸಂಸ್ಥೆಯ 450 ಕಿ.ಮೀ. ಉದ್ದದ ಕೊಚ್ಚಿ–ಮಂಗಳೂರು ಕೊಳವೆ ಮಾರ್ಗ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಇಂಥ ಮಾರ್ಗಗಳಿಗೂ ನಗರದ ಮನೆ ಮನೆಗೆ ಅನಿಲ ಹಂಚುವುದಕ್ಕೂ ಅನುಮತಿ ಕೊಡುವುದು 2006ರ ಕಾಯ್ದೆಯಿಂದ ಹುಟ್ಟಿದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ. ಹರಾಜಿನಲ್ಲಿ ದಕ್ಷಿಣ ಕನ್ನಡ ಗೇಲ್ ಗ್ಯಾಸ್‌ಗೆ, ಪಕ್ಕದ ಉಡುಪಿ ಅದಾನಿ ಸಮೂಹದ ಕಂಪನಿಗೆ ಹೋಯಿತು. ಕೊಳವೆ ಹಾಯುವ ತೋಟದ ಒಡೆತನ ರೈತನಲ್ಲೇ ಉಳಿಯುತ್ತದೆ, ಬಳಕೆಯ ಹಕ್ಕನ್ನಷ್ಟೇ ಸರ್ಕಾರ 1962ರ ಕೊಳವೆ ಮಾರ್ಗ ಕಾಯ್ದೆಯಂತೆ ಪಡೆಯುತ್ತದೆ. ಅದಕ್ಕೆ ಆ ಕಾಯ್ದೆ ಗೊತ್ತುಮಾಡಿದ ಪ್ರತಿಫಲ ಜಮೀನಿನ ಮಾರುಕಟ್ಟೆ ಬೆಲೆಯ ಶೇ 10. ಬೆಳೆ ನಷ್ಟದ ಪರಿಹಾರ ಬೇರೆ.

ಪೆಟ್ರೋಲ್ ಬೆಲೆಯ ಮೇಲಿನ ಸರ್ಕಾರದ ನಿಯಂತ್ರಣ 2010ರಲ್ಲಿ, ಡೀಸೆಲ್‌ನದು 2014ರಲ್ಲಿ ಹೋಯಿತು. ಸಂಗ್ರಹದ ಹಿಡಿತ ಮಾತ್ರ ಬಿಗಿಯಾಗಿದೆ. ಕೇಂದ್ರದ ತುರ್ತು ತೈಲ ದಾಸ್ತಾನಿನಲ್ಲಿ ಮಂಗಳೂರಿನ ನೆಲಮಾಳಿಗೆಗೆ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನದಕ್ಕೆ 25 ಲಕ್ಷ ಟನ್ ಸಾಮರ್ಥ್ಯ.

ವಿದ್ಯುತ್: ಬಾಗಿಲು ತೆರೆದಿರುವ ಜಾಗ

ವಿದ್ಯುತ್ತಿನ ಕಥೆ ಬೇರೆ. ಇಲ್ಲಿ ಗ್ರಾಹಕನ ಮಾತಿಗೆ ಕಾನೂನೇ ಜಾಗ ಮಾಡಿಕೊಟ್ಟಿದೆ. 1948ರ ವಿದ್ಯುತ್ ಸರಬರಾಜು ಕಾಯ್ದೆಯ ಕಾಲದಲ್ಲಿ ಉತ್ಪಾದನೆ, ಸಾಗಣೆ, ವಿತರಣೆ, ದರ ಎಲ್ಲವೂ ರಾಜ್ಯದ ವಿದ್ಯುತ್ ಮಂಡಳಿಯ ಕೈಯಲ್ಲಿದ್ದವು. ಕರ್ನಾಟಕ 1999ರಲ್ಲಿ ಮಂಡಳಿಯನ್ನು ವಿಸರ್ಜಿಸಿ ವಿದ್ಯುತ್ ಸಾಗಣೆಯ ಕಂಪನಿ ಕೆಪಿಟಿಸಿಎಲ್ ಮತ್ತು ದರ ನಿಗದಿಯ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಗಳನ್ನು ರಚಿಸಿತು. 2002ರ ಜೂನ್ 1ರಿಂದ ವಿತರಣಾ ಕಂಪನಿ ಮೆಸ್ಕಾಂ ಕೆಲಸ ಶುರುಮಾಡಿತು. ಈಗ ಅದರ ವ್ಯಾಪ್ತಿ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಮತ್ತು ಚಿಕ್ಕಮಗಳೂರು. ಮರುವರ್ಷ ಜೂನ್ 10ರಂದು ಜಾರಿಗೆ ಬಂದ ಕೇಂದ್ರದ ವಿದ್ಯುಚ್ಛಕ್ತಿ ಕಾಯ್ದೆ, 2003 ಈ ಬಗೆಯ ವ್ಯವಸ್ಥೆಯನ್ನು ಇಡೀ ದೇಶಕ್ಕೆ ಹರಡಿತು.

ಮೆಸ್ಕಾಂ ಪ್ರತಿವರ್ಷ ತನ್ನ ಲೆಕ್ಕವನ್ನು ಆಯೋಗದ ಮುಂದಿಡಬೇಕು. ಆಯೋಗ ಮಂಗಳೂರಿಗೇ ಬಂದು ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಡಿಕೆ ತೋಟದವರು ಪಂಪ್‌ಸೆಟ್ಟಿಗೆ ಸಾಲದ ವೋಲ್ಟೇಜ್, ಸುಟ್ಟ ಟ್ರಾನ್ಸ್‌ಫಾರ್ಮರ್ ಬದಲಿಸಲು ಆಗುವ ತಡ ಇವನ್ನೆಲ್ಲ ಹೇಳುತ್ತಾರೆ; ಮೀನುಗಾರಿಕೆಯನ್ನೇ ನಂಬಿದ ಐಸ್ ಪ್ಲಾಂಟಿನವರು ರಿಯಾಯಿತಿ ದರ ಕೇಳುತ್ತಾರೆ. ಆಕ್ಷೇಪಗಳಿಗೆ ಕಂಪನಿ ಲಿಖಿತ ಉತ್ತರ ಕೊಡಬೇಕು. ಆದೇಶ ಒಪ್ಪಿಗೆಯಾಗದಿದ್ದರೆ ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿ, ಅದರಾಚೆ ಸುಪ್ರೀಂ ಕೋರ್ಟ್.

ನಂತೂರಿನ ಮನೆಯೊಂದರ ಕರೆಂಟ್ ಬಿಲ್ಲನ್ನು ಸಾಲು ಸಾಲಾಗಿ ಓದಿದರೆ ಈ ಕಾನೂನುಗಳೆಲ್ಲ ಅಲ್ಲೇ ಸಿಗುತ್ತವೆ. ನಿಗದಿತ ಶುಲ್ಕ ಮತ್ತು ಯೂನಿಟ್ ದರ ಆಯೋಗದ ಆದೇಶದಿಂದ ಬಂದವು. ಇಂಧನ ಮತ್ತು ವಿದ್ಯುತ್ ಖರೀದಿ ಹೊಂದಾಣಿಕೆ ಶುಲ್ಕ ಖರೀದಿ ವೆಚ್ಚದ ಏರಿಳಿತವನ್ನು ತೋರಿಸುತ್ತದೆ. ತೆರಿಗೆ ರಾಜ್ಯದ್ದು. ರಾಜ್ಯದ ಉಚಿತ ವಿದ್ಯುತ್ ಯೋಜನೆ ‘ಗೃಹಜ್ಯೋತಿ’ಯ ಸೊನ್ನೆ ಬಿಲ್ಲಿಗೂ 2003ರ ಕೇಂದ್ರ ಕಾಯ್ದೆಯ ನಂಟಿದೆ: ರಾಜ್ಯ ಯಾರಿಗಾದರೂ ರಿಯಾಯಿತಿ ಕೊಡುವುದಾದರೆ ಅದರ ಹಣವನ್ನು ವಿತರಣಾ ಕಂಪನಿಗೆ ಮುಂಗಡವಾಗಿ ಕಟ್ಟಬೇಕು ಎನ್ನುತ್ತದೆ 65ನೆಯ ಕಲಂ. ಬಾಕಿಗಾಗಿ ಸಂಪರ್ಕ ಕಡಿಯುವ ಮೊದಲು ಪೂರ್ತಿ 15 ದಿನಗಳ ಲಿಖಿತ ನೋಟಿಸ್ ಕೊಡಬೇಕೆಂಬುದು 56ನೆಯ ಕಲಂ. ಪ್ರತಿ ಗ್ರಾಹಕನೂ ನೆನಪಿಡಬೇಕಾದ ಕಲಂ ಇದು.

ಯಾವ ಆಯೋಗ ದರ ನಿಗದಿ ಮಾಡುತ್ತದೆ ಎಂಬುದು ಸ್ಥಾವರ ಎಲ್ಲಿದೆ ಎಂಬುದರ ಮೇಲೆ ನಿಂತಿಲ್ಲ. ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 600 ಮೆಗಾವಾಟಿನ ಎರಡು ಘಟಕಗಳ ಕಲ್ಲಿದ್ದಲು ಸ್ಥಾವರವಿದೆ. ಕಲ್ಲಿದ್ದಲು ನವಮಂಗಳೂರು ಬಂದರಿಗೆ ಹೊರದೇಶದಿಂದ ಬರುತ್ತದೆ. ಬೂದಿ, ಹೊಗೆ, ಉಪ್ಪುನೀರಿನ ಬಗ್ಗೆ ಸುತ್ತಲಿನ ಹಳ್ಳಿಗಳು ವರ್ಷಗಟ್ಟಲೆ ಹೋರಾಡಿ ಹಸಿರು ನ್ಯಾಯಮಂಡಳಿಯವರೆಗೂ ಹೋಗಿವೆ. ಆದರೆ ಒಪ್ಪಂದದಲ್ಲಿ ಬಹುಪಾಲು ವಿದ್ಯುತ್ ಕರ್ನಾಟಕಕ್ಕಾದರೂ ಒಂದು ಪಾಲು ಪಂಜಾಬಿಗೆ ಗೊತ್ತಾಗಿದ್ದರಿಂದ, ಒಂದಕ್ಕಿಂತ ಹೆಚ್ಚು ರಾಜ್ಯಗಳಿಗೆ ಮಾರುವ ಸ್ಥಾವರ ಎಂಬ ನಿಯಮ ಅನ್ವಯವಾಯಿತು. ಹೀಗಾಗಿ ದರ ನಿಗದಿ ದೆಹಲಿಯ ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಹೋಯಿತು.

ಬಳಕೆಯ ಮಿತವ್ಯಯಕ್ಕೆ 2001ರ ಇಂಧನ ಸಂರಕ್ಷಣಾ ಕಾಯ್ದೆ ಇದೆ. ಫ್ರಿಜ್, ಎ.ಸಿ.ಗಳ ಮೇಲಿನ ನಕ್ಷತ್ರದ ಚೀಟಿ ಅದರದ್ದೇ ಕೊಡುಗೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಅದು ಕಡ್ಡಾಯ.

ತಂತಿಯ ಕೆಳಗಿನ ತೋಟ

ಗ್ರಾಹಕನಿಗೆ ತೆರೆದ ಬಾಗಿಲು ತಂತಿ ಹಾಯುವ ಜಮೀನಿನ ಒಡೆಯನಿಗೆ ಅಷ್ಟಾಗಿ ತೆರೆದಿಲ್ಲ. ಉಡುಪಿ–ಕಾಸರಗೋಡು 400 ಕೆ.ವಿ. ಮಾರ್ಗಕ್ಕೆ ದಕ್ಷಿಣ ಕನ್ನಡದ ಕೃಷಿಕರು ತೋರಿದ ವಿರೋಧದ ಬೇರು ಇಲ್ಲಿದೆ. ವಿದ್ಯುಚ್ಛಕ್ತಿ ಕಾಯ್ದೆಯ 164ನೆಯ ಕಲಂ, 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರವನ್ನು ಸಾಗಣೆ ಕಂಪನಿಗೆ ಕೊಡಿಸಲು ಅವಕಾಶ ಕೊಡುತ್ತದೆ. ಆ ಅಧಿಕಾರ ಸಿಕ್ಕಿದರೆ ಜಮೀನನ್ನು ಸ್ವಾಧೀನ ಮಾಡಿಕೊಳ್ಳದೆಯೇ ಗೋಪುರ ನಿಲ್ಲಿಸಬಹುದು, ತಂತಿ ಎಳೆಯಬಹುದು. ಅಡ್ಡಿಯಾದರೆ ಜಿಲ್ಲಾ ದಂಡಾಧಿಕಾರಿಯ ಆದೇಶ ತರಬಹುದು. ಕೊಡಬೇಕಾದದ್ದು ನಷ್ಟಕ್ಕೆ ಪರಿಹಾರ ಮಾತ್ರ. ಗದ್ದೆಯ ಮೇಲೆ ತಂತಿ ಹೋದರೆ ಮತ್ತೆ ಭತ್ತ ಬೆಳೆಯಬಹುದು. ತಂತಿಯ ಕೆಳಗಿನ ಪಟ್ಟಿಯಲ್ಲಿ ಎತ್ತರಕ್ಕೆ ಬೆಳೆಯುವ ಅಡಿಕೆ, ತೆಂಗು ಇರಿಸಿಕೊಳ್ಳುವಂತಿಲ್ಲವಾದ್ದರಿಂದ ಕರಾವಳಿಯ ಸಣ್ಣ ಹಿಡುವಳಿಗೆ ಅದು ಬದುಕಿನ ಪ್ರಶ್ನೆ.

ಕೇಂದ್ರ ವಿದ್ಯುತ್ ಸಚಿವಾಲಯ 2015ರ ಮಾರ್ಗಸೂಚಿಯಲ್ಲಿ ಗೋಪುರದ ತಳದ ಜಾಗಕ್ಕೆ ಜಮೀನಿನ ಬೆಲೆಯ ಶೇ 85, ತಂತಿಯ ಪಟ್ಟಿಗೆ ಹೆಚ್ಚೆಂದರೆ ಶೇ 15 ಎಂದಿತ್ತು. 2024ರ ಜೂನ್‌ನಲ್ಲಿ ಇವನ್ನು ಶೇ 200 ಮತ್ತು ಶೇ 30ಕ್ಕೆ ಏರಿಸಿತು. ಆದರೆ ಇದು ಮಾರ್ಗಸೂಚಿ, ಕಾಯ್ದೆಯಲ್ಲ. ಒಪ್ಪುವುದೂ ಬಿಡುವುದೂ ಆಯಾ ರಾಜ್ಯ ಸರ್ಕಾರಕ್ಕೆ ಬಿಟ್ಟದ್ದು. ಪರಿಹಾರ ಸಾಲದು ಎನ್ನುವ ರೈತ ಆಯೋಗಕ್ಕಲ್ಲ, ಜಿಲ್ಲಾ ನ್ಯಾಯಾಲಯಕ್ಕೆ ಹೋಗಬೇಕು.