ಇಬ್ಬರ ಪಕ್ಷದಲ್ಲಿ ಒಬ್ಬರು

ಗುರುವಾಯನಕೆರೆಯಿಂದ ವೇಣೂರನ್ನು ಹಾದು ಕಾರ್ಕಳದತ್ತ ಸಾಗುವ ರಸ್ತೆಯಲ್ಲಿ, ಸಹ್ಯಾದ್ರಿಯ ತಪ್ಪಲಿಗೆ ಸಮೀಪವಾಗಿ ನಾರಾವಿ ಎಂಬ ಊರಿದೆ. ಸೂರ್ಯನಾರಾಯಣ ದೇವಾಲಯದಿಂದ ಪ್ರಸಿದ್ಧವಾದ ಈ ಊರಿಗೆ ರಾಜಕೀಯದ ಗ್ರಂಥಗಳಲ್ಲಿ ಸ್ಥಾನವಿರಲಾರದು. ಆದರೆ ಅದು ಸೇರಿರುವ ಬೆಳ್ತಂಗಡಿ ಸೀಮೆಯ ಚುನಾವಣೆಗಳ ಚರಿತ್ರೆಯನ್ನು ಬಿಡಿಸಿ ನೋಡಿದವರಿಗೆ, ಸಣ್ಣ ಪಕ್ಷಗಳ ಪಾಡು ಏನು, ಪಕ್ಷನಿಷ್ಠೆಯ ಬೆಲೆ ಏನು ಎಂಬ ಪ್ರಶ್ನೆಗಳು ಅಲ್ಲಿ ಎದುರಾಗದೆ ಇರವು.

1956ರವರೆಗೆ ಈ ಪ್ರದೇಶವೆಲ್ಲ ಮದರಾಸು ರಾಜ್ಯದಲ್ಲಿತ್ತು. ವಯಸ್ಕರೆಲ್ಲರಿಗೂ ಮತ ದೊರೆತ ಮೊದಲ ಚುನಾವಣೆ 1952ರಲ್ಲಿ ಮುಗಿದಾಗ, 375 ಸ್ಥಾನಗಳ ಆ ಶಾಸನಸಭೆಯಲ್ಲಿ ಕಾಂಗ್ರೆಸ್ಸಿಗೆ ದೊರೆತದ್ದು 152 ಮಾತ್ರ. ವಿರೋಧ ಪಕ್ಷಗಳು ಟಿ. ಪ್ರಕಾಶಂ ಅವರ ನಾಯಕತ್ವದಲ್ಲಿ ಒಂದುಗೂಡಿದವು. ಈ ಪ್ರಕಾಶಂ ಅವರೇ ಕೆಲವು ವರ್ಷಗಳ ಹಿಂದೆ ಅದೇ ರಾಜ್ಯದಲ್ಲಿ ಕಾಂಗ್ರೆಸ್ ಪ್ರಧಾನಿಯಾಗಿದ್ದವರು! ರಾಜ್ಯಪಾಲ ಶ್ರೀಪ್ರಕಾಶರು ರಾಜಾಜಿಯವರನ್ನು ಮೇಲ್ಮನೆಗೆ ನಾಮಕರಣ ಮಾಡಿ ಮಂತ್ರಿಮಂಡಲ ರಚಿಸಲು ಕರೆದರು. ಕಾಂಗ್ರೆಸ್ಸನ್ನು ಎದುರಿಸಿ ಆರು ಸ್ಥಾನ ಗೆದ್ದಿದ್ದ ಕಾಮನ್‌ವೀಲ್ ಪಕ್ಷದ ನಾಯಕ ಮಾಣಿಕ್ಕವೇಲು ನಾಯ್ಕರ್ ಕೆಲವೇ ವಾರಗಳಲ್ಲಿ ಮಂತ್ರಿಯಾದರು. ಹತ್ತೊಂಬತ್ತು ಜನರಿದ್ದ ಟಾಯ್ಲರ್ಸ್ ಪಕ್ಷ ಹೊರಗಿನಿಂದ ಬೆಂಬಲವಿತ್ತಿತು. 1954ರಲ್ಲಿ ಅದರ ನಾಯಕರೂ ಕಾಮರಾಜರ ಮಂತ್ರಿಮಂಡಲವನ್ನು ಸೇರಿದರು. ಕಾಲಕ್ರಮದಲ್ಲಿ ಎರಡು ಪಕ್ಷಗಳೂ ಕಾಂಗ್ರೆಸ್ಸಿನಲ್ಲಿ ಕರಗಿಹೋದವು. ದೊಡ್ಡ ಹೊಳೆಗೆ ಬಿದ್ದ ತೊರೆಗೆ ಆಮೇಲೆ ಹೆಸರಿಲ್ಲ.

ರಾಜ್ಯ ಪುನರ್ವಿಂಗಡಣೆಯ ತರುವಾಯ ಬೆಳ್ತಂಗಡಿ ಮೈಸೂರು ರಾಜ್ಯಕ್ಕೆ ಸೇರಿತು. 1957ರಲ್ಲಿ ಧರ್ಮಸ್ಥಳದ ರತ್ನವರ್ಮ ಹೆಗ್ಗಡೆಯವರೂ 1962ರಲ್ಲಿ ವೈಕುಂಠ ಬಾಳಿಗರೂ ಕಾಂಗ್ರೆಸ್ಸಿನಿಂದ ಆರಿಸಿ ಬಂದರು. ಬಾಳಿಗರು 1962ರಿಂದ 1968ರವರೆಗೆ ವಿಧಾನಸಭೆಯ ಅಧ್ಯಕ್ಷರಾಗಿದ್ದರು. ಅವರು ಆ ಪೀಠದಲ್ಲಿದ್ದ ಕಾಲದಲ್ಲಿಯೇ, 1967ರಲ್ಲಿ, ಹರಿಯಾಣದ ಗಯಾಲಾಲ್ ಎಂಬ ಶಾಸಕರು ಹದಿನೈದು ದಿನಗಳಲ್ಲಿ ಮೂರು ಬಾರಿ ಪಕ್ಷ ಬದಲಿಸಿ ‘ಆಯಾರಾಮ್ ಗಯಾರಾಮ್’ ಎಂಬ ಮಾತನ್ನು ದೇಶಕ್ಕೆ ಕೊಟ್ಟರು. ಪಕ್ಷಾಂತರದ ವ್ಯಾಜ್ಯಗಳಿಗೆ ತೀರ್ಪು ಕೊಡುವ ಹೊರೆ ಸಭಾಧ್ಯಕ್ಷರ ಮೇಲೆ ಆಗ ಇನ್ನೂ ಬಿದ್ದಿರಲಿಲ್ಲ.

1983ರ ಜನವರಿಯಲ್ಲಿ ಕರ್ನಾಟಕದ ರಾಜಕೀಯ ಮಗ್ಗುಲು ಬದಲಿಸಿತು. ರಾಮಕೃಷ್ಣ ಹೆಗಡೆಯವರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರಕಾರವನ್ನು ರಚಿಸಿದರು. 224 ಸ್ಥಾನಗಳ ಸಭೆಯಲ್ಲಿ ಜನತಾ ರಂಗಕ್ಕೆ ಬಹುಮತವಿರಲಿಲ್ಲ. ಅದಕ್ಕೆ ಹೊರಗಿನಿಂದ ಹೆಗಲುಕೊಟ್ಟವರಲ್ಲಿ ಭಾರತೀಯ ಜನತಾ ಪಕ್ಷದ 18 ಮಂದಿಯೂ ಇದ್ದರು. ಆ ಹದಿನೆಂಟರಲ್ಲಿ ಬೆಳ್ತಂಗಡಿಯ ಶ್ರೀ ಕೆ. ವಸಂತ ಬಂಗೇರರು ಒಬ್ಬರು. ಎರಡು ವರ್ಷ ಕಳೆದು, 1985ರ ಮಾರ್ಚಿಯಲ್ಲಿ ಮತ್ತೆ ಚುನಾವಣೆ ನಡೆದಾಗ ಜನತಾ ಪಕ್ಷ 139 ಸ್ಥಾನಗಳೊಂದಿಗೆ ಸ್ವಂತ ಬಲದಿಂದ ಬಂದಿತು. ಬಿ.ಜೆ.ಪಿ.ಗೆ ಉಳಿದದ್ದು ಎರಡೇ ಎರಡು: ಶಿಕಾರಿಪುರದ ಯಡಿಯೂರಪ್ಪನವರು, ಬೆಳ್ತಂಗಡಿಯ ಬಂಗೇರರು. ನಿನ್ನೆ ಸರಕಾರವನ್ನು ಎತ್ತಿ ಹಿಡಿದಿದ್ದ ಪಕ್ಷ ಇಂದು ಒಂದು ಬೆಂಚಿನಲ್ಲಿ ಕೂರುವಷ್ಟಾಯಿತು. ಆ ವಿಧಾನಸಭೆಯ ಅವಧಿಯಲ್ಲಿಯೇ ಬಂಗೇರರು ಜನತಾ ಪಕ್ಷದ ಕಡೆಗೆ ಸರಿದರು. ಸದನದಲ್ಲಿ ಯಡಿಯೂರಪ್ಪನವರು ಏಕಾಂಗಿಯಾದರು.

ಪಕ್ಷಾಂತರವನ್ನು ತಡೆಯುವ ಸಂವಿಧಾನದ ಹತ್ತನೆಯ ಅನುಸೂಚಿ ಜಾರಿಗೆ ಬಂದದ್ದೂ ಅದೇ 1985ರ ಮಾರ್ಚಿಯಲ್ಲಿ. ಅಂದಿನ ನಿಯಮದಂತೆ, ಶಾಸಕ ಪಕ್ಷದ ಮೂರನೆಯ ಒಂದು ಪಾಲಿಗೆ ಕಡಿಮೆಯಿಲ್ಲದ ಗುಂಪು ಬೇರೆಯಾದರೆ ಅದು ಪಕ್ಷಾಂತರವಲ್ಲ, ಒಡಕು. ನೂರು ಜನರ ಪಕ್ಷದಲ್ಲಿ ಈ ಮಾತಿಗೆ ತೂಕವುಂಟು. ಮೂವತ್ತನಾಲ್ಕು ಜನರನ್ನು ಕೂಡಿಸುವುದು ಸುಲಭವಲ್ಲ. ಆದರೆ ಇಬ್ಬರ ಪಕ್ಷದಲ್ಲಿ ಒಬ್ಬರು ಎದ್ದು ನಡೆದರೆ ಅರ್ಧ ಪಕ್ಷವೇ ನಡೆದಂತಾಗುತ್ತದೆ. ದೊಡ್ಡ ಮನೆಗಳನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಬೇಲಿ ಗುಡಿಸಲಿಗೆ ಹೇಗೆ ತಾನೆ ಒಪ್ಪೀತು? ದೊಡ್ಡ ಪಕ್ಷದಿಂದ ಒಬ್ಬರು ಹೋದರೆ ಅದು ಒಂದು ದಿನದ ಸುದ್ದಿ. ಸಣ್ಣ ಪಕ್ಷಕ್ಕೆ ಅದು ಉಸಿರಿನ ಪ್ರಶ್ನೆ.

ಇನ್ನು ಮತದಾರರ ನ್ಯಾಯಾಲಯದಲ್ಲಿ ಏನಾಯಿತು? 1989ರಲ್ಲಿ ಕ್ಷೇತ್ರವು ಕಾಂಗ್ರೆಸ್ಸಿನ ಗಂಗಾಧರ ಗೌಡರಿಗೆ ಹೋಯಿತು. 1994ರಲ್ಲಿ ಅದೇ ಬಂಗೇರರು ಜನತಾದಳದಿಂದ ಗೆದ್ದು ಬಂದರು. 1999ರಲ್ಲಿಯೂ 2004ರಲ್ಲಿಯೂ ಅವರ ಸಹೋದರ ಪ್ರಭಾಕರ ಬಂಗೇರರು, ಅಣ್ಣ ತೊರೆದು ಬಂದಿದ್ದ ಬಿ.ಜೆ.ಪಿ.ಯ ಪರವಾಗಿ ಆಯ್ಕೆಯಾದರು. 2008ರಲ್ಲಿ ಮತ್ತು 2013ರಲ್ಲಿ ವಸಂತ ಬಂಗೇರರು ಮತ್ತೆ ಗೆದ್ದರು, ಈ ಸಲ ಕಾಂಗ್ರೆಸ್ಸಿನಿಂದ. 2018ರಲ್ಲಿ ಸೋತರು; 2024ರ ಮೇ ತಿಂಗಳಲ್ಲಿ ತೀರಿಕೊಂಡರು. ಒಬ್ಬರೇ ವ್ಯಕ್ತಿ, ಮೂರು ಚಿಹ್ನೆ, ಐದು ಗೆಲವು. ಬೆಳ್ತಂಗಡಿಯ ಮತದಾರ ಮರೆಗುಳಿಯೆಂದು ಇದರಿಂದ ತೀರ್ಮಾನಿಸುವುದು ಅವಸರದ ಮಾತಾದೀತು. ಅವನು ಸೋಲಿಸಿದ್ದೂ ಉಂಟು, ಕಾದು ಮತ್ತೆ ಕರೆದದ್ದೂ ಉಂಟು. ಚಿಹ್ನೆಗೂ ಮನುಷ್ಯನಿಗೂ ಬೇರೆ ಬೇರೆ ಲೆಕ್ಕ ಇಡುವ ಬುದ್ಧಿ ಅವನಿಗಿದೆ.

ಹಾಗಾದರೆ ನಿಷ್ಠೆಯೆಂಬುದು ಉಳಿದವರ ಪಾಲಿನ ಗುಣವೇ? ಅಂದು ಒಬ್ಬರೇ ಉಳಿದ ಯಡಿಯೂರಪ್ಪನವರು ಮುಂದೆ ಮುಖ್ಯಮಂತ್ರಿಗಳಾದರು. ಆದರೆ 2012ರ ಕೊನೆಯಲ್ಲಿ ಅವರೂ ಪಕ್ಷ ಬಿಟ್ಟು ಕರ್ನಾಟಕ ಜನತಾ ಪಕ್ಷವನ್ನು ಕಟ್ಟಿದರು. 2013ರಲ್ಲಿ ಆರು ಸ್ಥಾನ ಗಳಿಸಿದ ಆ ಸಣ್ಣ ಪಕ್ಷವನ್ನು ಬಿಟ್ಟು, 2014ರಲ್ಲಿ ಹಳೆಯ ಮನೆಗೆ ಮರಳಿದರು. ಒಂದು ಕಾಲದಲ್ಲಿ ಉಳಿದವನು ಇನ್ನೊಂದು ಕಾಲದಲ್ಲಿ ಹೊರಡಬಹುದು. ವ್ಯಕ್ತಿಗಳಿಗೆ ನಿಷ್ಠಾವಂತ, ನಿಷ್ಠೆಗೇಡಿ ಎಂಬ ಶಾಶ್ವತ ಪಟ್ಟ ಕಟ್ಟಲು ಚರಿತ್ರೆ ಒಪ್ಪುವುದಿಲ್ಲ.

ಒಡಕಿನ ನೆಪವನ್ನು 2003ರ ತಿದ್ದುಪಡಿ ತೆಗೆದುಹಾಕಿತು. ಮೂರನೆಯ ಎರಡು ಪಾಲಿನ ಒಪ್ಪಿಗೆಯಿರುವ ವಿಲೀನಕ್ಕೆ ಮಾತ್ರ ದಾರಿ ಉಳಿಯಿತು. ಒಬ್ಬರೇ ಇರುವ ಪಕ್ಷದಲ್ಲಿ ಆ ಒಬ್ಬರ ಇಚ್ಛೆಯೇ ಮೂರರಲ್ಲಿ ಮೂರು ಪಾಲು! 2018ರಲ್ಲಿ ರಾಣೆಬೆನ್ನೂರಿನಿಂದ ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷದ ಏಕೈಕ ಶಾಸಕರಾಗಿ ಬಂದ ಆರ್. ಶಂಕರ್ ಮಂತ್ರಿಯಾದರು, 2019ರಲ್ಲಿ ತಮ್ಮ ಪಕ್ಷವನ್ನು ಕಾಂಗ್ರೆಸ್ಸಿನಲ್ಲಿ ವಿಲೀನಗೊಳಿಸಿದರು, ಕೆಲವೇ ವಾರಗಳಲ್ಲಿ, ಸಮ್ಮಿಶ್ರ ಸರಕಾರ ಬಿದ್ದ ಗದ್ದಲದಲ್ಲಿ, ಅನರ್ಹರಾದ ಹದಿನೇಳು ಮಂದಿಯಲ್ಲಿ ಒಬ್ಬರಾದರು. ಉಳಿದವರಲ್ಲಿ ಹೆಚ್ಚಿನವರು ರಾಜೀನಾಮೆಯ ಹಾದಿ ಹಿಡಿದವರು. ಉಪಚುನಾವಣೆಯಲ್ಲಿ ಮತದಾರರು ಅವರಲ್ಲಿ ಬಹುಮಂದಿಯನ್ನು ಹೊಸ ಪಕ್ಷದಿಂದ ಮರಳಿ ಕಳುಹಿಸಿದರು.

‘ಉಂಡ ಮನೆಗೆ ಎರಡು ಬಗೆಯಬಾರದು’ ಎಂಬುದು ನಮ್ಮ ಹಿರಿಯರ ಮಾತು. ‘ಗಾಳಿ ಬಂದಾಗ ತೂರಿಕೋ’ ಎಂಬುದೂ ಅವರದೇ. ಶಾಸಕನು ಈ ಎರಡು ಗಾದೆಗಳ ನಡುವೆ ನಿಂತಿರುತ್ತಾನೆ. ಅವನು ಗೆದ್ದು ಬರುವ ಮುನ್ನ ಊರೂರಿನಲ್ಲಿ ಬಿಸಿಲೆನ್ನದೆ ಮನೆಬಾಗಿಲು ತಟ್ಟಿದ ಕಾರ್ಯಕರ್ತನೊಬ್ಬನಿರುತ್ತಾನೆ. ಸಣ್ಣ ಪಕ್ಷವಾದರೆ ಅವನಿಗೆ ಗುತ್ತಿಗೆಯ ಆಸೆಯಿಲ್ಲ, ನಿಗಮದ ಕುರ್ಚಿಯಿಲ್ಲ. ಇರುವುದು ಒಂದು ನಂಬಿಕೆ ಮಾತ್ರ. ಶಾಸಕ ಹೊಸ ಮನೆಗೆ ಹೋದ ದಿನ ಇವನು ಹಳೆಯ ಬಾವುಟವನ್ನು ಹಿಡಿದು ಅಂಗಳದಲ್ಲಿಯೇ ನಿಂತುಬಿಡುತ್ತಾನೆ. ಅವನಿಗೆ ಕಾರಣ ಹೇಳಬೇಕೆಂದು ಯಾವ ಅನುಸೂಚಿಯೂ ವಿಧಿಸಿಲ್ಲ. ಕಾನೂನು ತಲೆಗಳನ್ನು ಎಣಿಸೀತು. ಮತದಾರನು ಐದು ವರ್ಷಕ್ಕೊಮ್ಮೆ ಕ್ಷಮಿಸಿಯಾನು. ಈ ಕಾರ್ಯಕರ್ತನ ಮುಖವನ್ನು ನೋಡಿ, ಹೊರಟ ಕಾರಣವನ್ನು ನೇರವಾಗಿ ಹೇಳಬಲ್ಲವನ ಪಕ್ಷಾಂತರವನ್ನು ನಾವು ಅಭಿಪ್ರಾಯದ ಬದಲಾವಣೆಯೆಂದು ಒಪ್ಪಬಹುದು. ಹೇಳಲಾರದವನು ಎಷ್ಟು ಬಾರಿ ಗೆದ್ದರೂ ಆ ಒಂದು ಸಾಲ ತೀರದೆ ಉಳಿಯುತ್ತದೆ.