ಉರಿಮೂತ್ರ, ನೆಗ್ಗಿಲು ಮುಳ್ಳು ಮತ್ತು ಒಂದು ಚೊಂಬು ನೀರು

ನಮ್ಮೂರಲ್ಲಿ ಇದಕ್ಕೆ ಉರಿಮೂತ್ರ ಅಂತಾರೆ, ಆಫೀಸಿನಲ್ಲಿ ಯುಟಿಐ. ಹೆಸರು ಯಾವುದಾದ್ರೂ, ಒಮ್ಮೆ ಅನುಭವಿಸಿದವರಿಗೆ ವಿವರಿಸೋದು ಬೇಕಿಲ್ಲ. ಕಳೆದ ವರ್ಷ ನನಗೆ ನಾಲ್ಕು ಸಲ ಬಂತು. ಮೂರನೇ ಸಲ ಆಂಟಿಬಯಾಟಿಕ್ ಕೋರ್ಸ್ ಮುಗಿಸಿ ಊರಿಗೆ ಹೋದಾಗ ಅಜ್ಜಿ, "ಮೈಯಲ್ಲಿ ಉಷ್ಣ ಜಾಸ್ತಿಯಾಗೈತೆ" ಅಂತ ನೆಗ್ಗಿಲು ಮುಳ್ಳಿನ ಕಷಾಯ ಮಾಡಿಕೊಟ್ಟಳು. ಇದು ನಿಜವಾಗ್ಲೂ ಕೆಲಸ ಮಾಡುತ್ತಾ ಅಂತ ಹುಡುಕೋಕೆ ಕೂತವಳಿಗೆ ಸಿಕ್ಕಿದ್ದು ದೊಡ್ಡದೊಂದು ಚರಿತ್ರೆ.

ಚರಕ ಸಂಹಿತೆಯಲ್ಲಿ ಈ ತೊಂದರೆಯ ಹೆಸರು ಮೂತ್ರಕೃಚ್ಛ್ರ. ಅದರಲ್ಲಿ ಎಂಟು ಬಗೆ. ಮದ್ದುಗಳಲ್ಲಿ ಗೋಕ್ಷುರ ಇದೆ, ಅಂದ್ರೆ ಅಜ್ಜಿಯ ಅದೇ ನೆಗ್ಗಿಲು ಮುಳ್ಳು. ದರ್ಭೆ, ಕಬ್ಬು ಮುಂತಾದ ಐದು ಹುಲ್ಲುಗಳ ಬೇರೂ ಇವೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಸೂತ್ರಸ್ಥಾನದ ಏಳನೇ ಅಧ್ಯಾಯ. ಮನುಷ್ಯ ತಡೆದುಕೊಳ್ಳಬಾರದ 13 ವೇಗಗಳ ಪಟ್ಟಿ ಅಲ್ಲಿದೆ. ಪಟ್ಟಿಯ ಮೊದಲ ಹೆಸರೇ ಮೂತ್ರ. ತಡೆದರೆ ಕಿಬ್ಬೊಟ್ಟೆ ನೋವು, ಉರಿಮೂತ್ರ, ತಲೆನೋವು ಅನ್ನುತ್ತಾನೆ ಚರಕ.

ರೋಗಾಣು ಕಣ್ಣಿಗೆ ಬಿದ್ದದ್ದು ತುಂಬ ತಡವಾಗಿ. 1885ರಲ್ಲಿ ಜರ್ಮನಿಯಲ್ಲಿ ಥಿಯೋಡರ್ ಎಶರಿಕ್ ಶಿಶುಗಳ ಮಲದಲ್ಲಿ ಒಂದು ಬ್ಯಾಕ್ಟೀರಿಯಾ ಕಂಡ. ಇವತ್ತು ನಾವು ಇ. ಕೋಲಿ ಅನ್ನೋದು ಅದನ್ನೇ. ಬಹುಪಾಲು ಉರಿಮೂತ್ರಕ್ಕೆ ಇದೇ ಕಾರಣ. ಹೆಂಗಸರ ಮೂತ್ರನಾಳದ ಉದ್ದ ಸುಮಾರು 4 ಸೆಂಟಿಮೀಟರ್ ಅಷ್ಟೇ. ಹಾಗಾಗಿ ಅದು ಮೂತ್ರಕೋಶ ತಲುಪೋದು ಸುಲಭ.

1890ರ ದಶಕದಲ್ಲಿ ಆರ್ಥರ್ ನಿಕೊಲೈಯರ್ ಎಂಬ ವೈದ್ಯ ಹೆಕ್ಸಮಿನ್ ಎಂಬ ರಾಸಾಯನಿಕವನ್ನು ಮದ್ದಾಗಿ ತಂದ. ಆಮ್ಲೀಯ ಮೂತ್ರದಲ್ಲಿ ಅದು ಒಡೆದು ಫಾರ್ಮಾಲ್ಡಿಹೈಡ್ ಆಗಿ ಕ್ರಿಮಿ ಕೊಲ್ಲುತ್ತದೆ. ಆಮೇಲೆ ಸಲ್ಫಾ ಬಂತು, ಆಂಟಿಬಯಾಟಿಕ್‌ಗಳು ಬಂದವು. ಹೆಕ್ಸಮಿನ್ ಮೂಲೆ ಸೇರಿತು. ಆದರೆ ಪ್ರತಿ ಹೊಸ ಮದ್ದಿಗೂ ಬ್ಯಾಕ್ಟೀರಿಯಾ ದಾರಿ ಕಂಡುಕೊಂಡಿತು. 2022ರಲ್ಲಿ ಬ್ರಿಟನ್ನಿನಲ್ಲಿ 240 ಹೆಂಗಸರ ಮೇಲೆ ನಡೆದ ಪ್ರಯೋಗದಲ್ಲಿ, ಸೋಂಕು ಮರುಕಳಿಸದಂತೆ ತಡೆಯಲು ದಿನವೂ ನುಂಗುವ ಆಂಟಿಬಯಾಟಿಕ್‌ಗೆ ಆ ಹಳೇ ಮದ್ದು ಸಾಟಿ ಅಂತ ಗೊತ್ತಾಯ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಡಿಪ್ರಿಕೇಟ್ ಆಗಿದ್ದ ಕೋಡ್ ಮತ್ತೆ ಪ್ರೊಡಕ್ಷನ್‌ಗೆ ಬಂತು.

ಹಾಗಾದ್ರೆ ನೈಸರ್ಗಿಕ ಮದ್ದು? ಕ್ರ್ಯಾನ್‌ಬೆರಿ ಬಗ್ಗೆ 2012ರ ಕಾಕ್ರೇನ್ ವಿಮರ್ಶೆ ಹೆಚ್ಚು ಪ್ರಯೋಜನ ಕಾಣಲಿಲ್ಲ ಅಂದಿತ್ತು. 2023ರಲ್ಲಿ 50 ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ಪದೇ ಪದೇ ಸೋಂಕು ಬರುವ ಹೆಂಗಸರಲ್ಲಿ ಅಪಾಯ ಸುಮಾರು ಕಾಲುಭಾಗ ತಗ್ಗುತ್ತದೆ ಅಂತ ಮಾತು ಬದಲಿಸಿತು. ಆನ್‌ಲೈನಿನಲ್ಲಿ ದುಬಾರಿಗೆ ಮಾರುವ ಡಿ-ಮ್ಯಾನೋಸ್ ಪುಡಿ 2024ರ ದೊಡ್ಡ ಪ್ರಯೋಗದಲ್ಲಿ ಸೋತಿತು.

ಎಲ್ಲಕ್ಕಿಂತ ಅಗ್ಗದ ಮದ್ದಿನ ಪರೀಕ್ಷೆ ಬಲ್ಗೇರಿಯಾದಲ್ಲಿ ನಡೆಯಿತು. ಕಡಿಮೆ ನೀರು ಕುಡಿಯುತ್ತಿದ್ದ, ಪದೇ ಪದೇ ಸೋಂಕಾಗುತ್ತಿದ್ದ 140 ಹೆಂಗಸರಲ್ಲಿ ಅರ್ಧ ಜನಕ್ಕೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿಯೋಕೆ ಹೇಳಿದರು. ವರ್ಷದ ಕೊನೆಗೆ ಅವರಿಗೆ ಸರಾಸರಿ 1.7 ಸಲ ಸೋಂಕಾಗಿತ್ತು, ಉಳಿದವರಿಗೆ 3.2 ಸಲ. 2018ರಲ್ಲಿ ಪ್ರಕಟವಾದ ಫಲಿತಾಂಶ ಇದು. ಅಜ್ಜಿಯ ಕಷಾಯ, ಬಾರ್ಲಿ ಗಂಜಿ, ಕೊತ್ತಂಬರಿ ನೀರು, ಎಳನೀರು, ಇವೆಲ್ಲದರಲ್ಲೂ ಇದ್ದದ್ದು ಏನು ಅಂತ ಆಗ ಹೊಳೆಯಿತು.

ಇಷ್ಟು ಸುಲಭದ ಮದ್ದು ನಾವ್ಯಾಕೆ ಕುಡಿಯಲಿಲ್ಲ? ನಮ್ಮೂರ ಶಾಲೆಯಲ್ಲಿ ಹುಡುಗಿಯರಿಗೆ ಶೌಚಾಲಯ ಇರ್ಲಿಲ್ಲ. ಬೆಳಗ್ಗೆಯಿಂದ ನಾಲ್ಕು ಗಂಟೆವರೆಗೆ ನೀರು ಮುಟ್ಟದೆ ಇರೋದನ್ನ ನಾವು ಮಗ್ಗಿ ಜೊತೆಗೇ ಕಲಿತೆವು. ಅಮ್ಮಂದಿರು ಚೊಂಬು ಹಿಡಿದು ಹೊರಡುತ್ತಿದ್ದದ್ದು ಬೆಳಕು ಹರಿಯೋ ಮುಂಚೆ, ಇಲ್ಲಾ ಕತ್ತಲಾದ ಮೇಲೆ. ಲಂಡನ್ನಿನ ಕಥೆಯೂ ಬೇರೆಯಲ್ಲ. 1900ರ ಸುಮಾರಿಗೆ ಅಲ್ಲಿನ ಕ್ಯಾಮ್ಡೆನ್‌ನಲ್ಲಿ ಹೆಂಗಸರಿಗೊಂದು ಸಾರ್ವಜನಿಕ ಶೌಚಾಲಯ ಅಂದಿದ್ದಕ್ಕೆ ದೊಡ್ಡ ಗಲಾಟೆಯೇ ಆಯಿತು. ಆಗ ಅಲ್ಲಿನ ಸ್ಥಳೀಯ ಸಂಸ್ಥೆಯಲ್ಲಿದ್ದ ನಾಟಕಕಾರ ಬರ್ನಾರ್ಡ್ ಶಾ ಅದಕ್ಕಾಗಿ ವಾದ ಮಾಡಬೇಕಾಯಿತು. ನಮ್ಮಲ್ಲಿ 1948ರ ಕಾರ್ಖಾನೆ ಕಾಯ್ದೆ ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಕಡ್ಡಾಯ ಮಾಡಿತು. ಆದರೆ ಕಾಯ್ದೆ ಗೇಟಿನೊಳಗೆ ಇರುತ್ತೆ, ನಾವು ಎರಡು ಗಂಟೆ ಟ್ರಾಫಿಕ್‌ನಲ್ಲಿರ್ತೀವಿ.

ಈಗ ನನ್ನ ಆಫೀಸಿನಲ್ಲಿ ಹೊಳೆಯೋ ರೆಸ್ಟ್‌ರೂಮ್ ಇದೆ. ಆದರೂ ಮೀಟಿಂಗ್ ಮುಗೀಲಿ ಅಂತ ತಡೆದು ಕೂರ್ತೀನಿ, ಕ್ಯಾಬ್ ಹತ್ತೋ ಮುಂಚೆ ನೀರು ಬಿಡ್ತೀನಿ. ಹಳೇ ಅಭ್ಯಾಸ. ಸೋಂಕು ಶುರುವಾದ ಮೇಲೆ ನೀರೊಂದೇ ಸಾಲದು ನೋಡಿ. ಜ್ವರ, ಬೆನ್ನುನೋವು, ಮೂತ್ರದಲ್ಲಿ ರಕ್ತ ಕಂಡರೆ ಅಥವಾ ಬಸುರಿಯಾಗಿದ್ದರೆ ತಕ್ಷಣ ಡಾಕ್ಟರ ಹತ್ತಿರ ಹೋಗಿ. ಮತ್ತೆ ಮತ್ತೆ ಬರುತ್ತಿದ್ದರೆ ಕಲ್ಚರ್ ಟೆಸ್ಟ್ ಮಾಡಿಸದೆ ಹಳೇ ಚೀಟಿ ತೋರಿಸಿ ಮಾತ್ರೆ ತರಬೇಡಿ.

ಇದನ್ನೆಲ್ಲ ಅಜ್ಜಿಗೆ ಫೋನಿನಲ್ಲಿ ಹೇಳಿದೆ. "ನೀರು ಕುಡೀಬೇಕು ಅಂತ ತಿಳಿಯೋಕೆ ಇಷ್ಟೆಲ್ಲ ಓದಬೇಕಿತ್ತಾ?" ಅಂತ ನಕ್ಕಳು. ಅವಳ ಮನೆಗೆ ಶೌಚಾಲಯ ಬಂದದ್ದು ಅವಳಿಗೆ ಅರವತ್ತೈದು ದಾಟಿದ ಮೇಲೆ.