ಗಡಿಯಾಚೆಯ ಜೋಡಿಶಾಲೆಗಳು: ಯುರೋಪಿನ ಕೊಮೇನಿಯಸ್ ಯೋಜನೆ

ಬೇರೆ ಬೇರೆ ದೇಶಗಳ ಪ್ರಾಥಮಿಕ ಶಾಲೆಗಳು ನಿಗದಿತ ಅವಧಿಗೆ ಒಪ್ಪಂದ ಮಾಡಿಕೊಂಡು, ಪಾಠ, ಪತ್ರ, ಚಿತ್ರಗಳ ಜೊತೆಗೆ ಶಿಕ್ಷಕರನ್ನೂ, ಸಾಧ್ಯವಾದೆಡೆ ವಿದ್ಯಾರ್ಥಿಗಳನ್ನೂ ಪರಸ್ಪರ ಕಳುಹಿಸಿಕೊಳ್ಳುವ ಪದ್ಧತಿಗೆ ಶಾಲಾ ಸಹಭಾಗಿತ್ವವೆಂದು ಹೆಸರು. ಇದನ್ನು ವ್ಯವಸ್ಥಿತವಾಗಿ ನಡೆಸಿದ ಕೀರ್ತಿ ಯುರೋಪ್ ಒಕ್ಕೂಟದ ಕೊಮೇನಿಯಸ್ ಯೋಜನೆಗೆ ಸಲ್ಲುತ್ತದೆ.

ಯೋಜನೆಗೆ ಹೆಸರು ಬಂದದ್ದು ಯಾನ್ ಆಮೋಸ್ ಕೊಮೇನಿಯಸ್ (1592–1670) ಅವರಿಂದ. ಇಂದಿನ ಚೆಕ್ ಗಣರಾಜ್ಯಕ್ಕೆ ಸೇರಿದ ಮೊರಾವಿಯಾದಲ್ಲಿ ಜನಿಸಿದ ಈ ಶಿಕ್ಷಣತಜ್ಞರು ಧಾರ್ಮಿಕ ಕಲಹದ ದೆಸೆಯಿಂದ ಸ್ವದೇಶವನ್ನು ತೊರೆದು, ಪೋಲೆಂಡ್, ಇಂಗ್ಲೆಂಡ್, ಹಂಗೇರಿಗಳಲ್ಲಿ ನೆಲೆ ಅರಸಿ, ಆಮ್‌ಸ್ಟರ್‌ಡಾಮಿನಲ್ಲಿ ಕೊನೆಯುಸಿರೆಳೆದರು. 1658ರಲ್ಲಿ ಪ್ರಕಟವಾದ ಅವರ ಸಚಿತ್ರ ಪಠ್ಯ ‘ಆರ್ಬಿಸ್ ಪಿಕ್ಟಸ್’ನಲ್ಲಿ ಲ್ಯಾಟಿನ್ ಮತ್ತು ಜರ್ಮನ್ ಭಾಷೆಗಳು ಅಕ್ಕಪಕ್ಕದಲ್ಲಿದ್ದವು. ಹೊರನಾಡಿನಲ್ಲಿದ್ದು ಮಕ್ಕಳಿಗೆ ಎರಡು ಮೂರು ಭಾಷೆ ಕಲಿಸುತ್ತಿರುವ ನಮ್ಮಂಥವರಿಗೆ ಅವರು ಅಪರಿಚಿತರೆನಿಸಲಾರರು.

1995ರಲ್ಲಿ ಸಾಕ್ರೆಟಿಸ್ ಎಂಬ ದೊಡ್ಡ ಶಿಕ್ಷಣ ಯೋಜನೆಯ ಅಂಗವಾಗಿ ಕೊಮೇನಿಯಸ್ ಆರಂಭವಾಯಿತು. ಬಹುಪಕ್ಷೀಯ ಸಹಭಾಗಿತ್ವಕ್ಕೆ ಕನಿಷ್ಠ ಮೂರು ದೇಶಗಳ ಮೂರು ಶಾಲೆಗಳು ಕೂಡಬೇಕಿತ್ತು. ಅವುಗಳಲ್ಲೊಂದು ಸಂಯೋಜಕ ಶಾಲೆ. 2007ರಿಂದ ಒಪ್ಪಂದದ ಅವಧಿ ಎರಡು ವರ್ಷವಾಯಿತು. ಎರಡೇ ಶಾಲೆಗಳು ಸೇರಿ ತರಗತಿಯನ್ನೇ ವಿನಿಮಯ ಮಾಡಿಕೊಳ್ಳುವ ದ್ವಿಪಕ್ಷೀಯ ಯೋಜನೆಗೆ ಮಕ್ಕಳಿಗೆ ಹನ್ನೆರಡು ವರ್ಷ ತುಂಬಿರಬೇಕೆಂಬ ನಿಯಮವಿತ್ತು. ಹೀಗಾಗಿ ಪ್ರಾಥಮಿಕ ಶಾಲೆಗಳಲ್ಲಿ ಹೆಚ್ಚಾಗಿ ಪ್ರಯಾಣ ಮಾಡಿದವರು ಶಿಕ್ಷಕರು. ಮಕ್ಕಳ ಪರವಾಗಿ ಪತ್ರ, ಚಿತ್ರ, ಅಡುಗೆಯ ವಿಧಾನ, ಹವಾಮಾನದ ದಿನಚರಿಗಳು ಅಂಚೆಯಲ್ಲಿ ಓಡಾಡಿದವು. ಎಷ್ಟೋ ಕಡೆ ಒಂದು ಬಟ್ಟೆಯ ಕರಡಿಯೋ ಬೇರಾವುದೋ ಗೊಂಬೆಯೋ ಶಾಲೆಯಿಂದ ಶಾಲೆಗೆ ಪ್ರವಾಸ ಮಾಡುತ್ತ, ತಾನು ಕಂಡದ್ದನ್ನು ದಿನಚರಿಯಲ್ಲಿ ‘ಬರೆದು’ ತರುತ್ತಿತ್ತು. ಏಳೆಂಟು ವರ್ಷದ ಮಗುವನ್ನು ಪರದೇಶಕ್ಕೆ ಕಳುಹಿಸಲು ಯಾವ ತಾಯಿಗೆ ಧೈರ್ಯ ಬಂದೀತು? ಗೊಂಬೆಯ ಉಪಾಯವೇ ಮೇಲು.

ಬ್ಯಾಂಕಿನ ಲೆಕ್ಕಪುಸ್ತಕಗಳ ನಡುವೆ ಆಯುಷ್ಯ ಕಳೆದ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಯೋಜನೆಯ ಹಣಕಾಸಿನ ಏರ್ಪಾಡು. ಪ್ರತಿಯೊಂದು ಶಾಲೆಯೂ ಸ್ವಂತ ದೇಶದ ಸಂಸ್ಥೆಗೇ ಅರ್ಜಿ ಸಲ್ಲಿಸಿ ಅನುದಾನ ಪಡೆಯುತ್ತಿತ್ತು. ಮೊತ್ತವು ಕೈಗೊಳ್ಳುವ ಪ್ರಯಾಣಗಳ ಸಂಖ್ಯೆಯನ್ನು ಅವಲಂಬಿಸಿತ್ತು. ಒಂದು ಶಾಲೆ ಕೊಡುವ ಕೈ, ಮತ್ತೊಂದು ಬೇಡುವ ಕೈ ಎಂಬ ಸ್ಥಿತಿಗೆ ಅಲ್ಲಿ ಎಡೆಯಿರಲಿಲ್ಲ. ಸರದಿಯಂತೆ ಪ್ರತಿ ಶಾಲೆಯೂ ಅತಿಥಿಯಾಗಿ, ಆತಿಥೇಯನಾಗಿ ಇರಬಹುದಿತ್ತು.

ಶ್ರೀಮಂತ ದೇಶದ ಶಾಲೆಯೊಂದು ಬಡದೇಶದ ಶಾಲೆಯೊಡನೆ ಕೈಜೋಡಿಸಿದಾಗ ಈ ಸಮತೋಲನವನ್ನು ಉಳಿಸಿಕೊಳ್ಳುವುದು ಕಷ್ಟ. ಬ್ರಿಟಿಷ್ ಸರ್ಕಾರದ ನೆರವಿನಿಂದ 2003ರಿಂದ 2012ರವರೆಗೆ ನಡೆದ ಗ್ಲೋಬಲ್ ಸ್ಕೂಲ್ ಪಾರ್ಟ್‌ನರ್‌ಶಿಪ್ಸ್ ಯೋಜನೆಯು ಆಫ್ರಿಕಾ, ಏಷ್ಯಾದ ಶಾಲೆಗಳ ಶಿಕ್ಷಕರ ಭೇಟಿಗೂ, ಮರುಭೇಟಿಗೂ ಧನಸಹಾಯ ನೀಡಿತು. ಮರುಭೇಟಿಯ ಅವಕಾಶ ಮುಖ್ಯವಾದುದು. ಅಲ್ಲಿಯ ಮಕ್ಕಳು ಹಳೆಯ ಪೆನ್ಸಿಲ್, ಬಟ್ಟೆ ಕೂಡಿಸಿ ಕಳುಹಿಸುವುದು, ಇಲ್ಲಿಯವರು ವಂದನಾಪತ್ರ ಬರೆಯುವುದು, ಇಷ್ಟಕ್ಕೇ ನಿಂತರೆ ಅದು ದಾನವಾದೀತೇ ಹೊರತು ವಿನಿಮಯವಾಗದು. ಇಲ್ಲಿಯ ಶಿಕ್ಷಕಿ ಅಲ್ಲಿ ಹೋಗಿ ಮಗ್ಗಿ ಹೇಳಿಕೊಟ್ಟಾಗಲೇ ಲೆಕ್ಕ ಸರಿಹೋಗುವುದು.

ಪ್ರಯಾಣದ ವೆಚ್ಚವಿಲ್ಲದೆ ಅಂತರ್ಜಾಲದ ಮೂಲಕವೇ ತರಗತಿಗಳನ್ನು ಜೋಡಿಸುವ ಇ-ಟ್ವಿನ್ನಿಂಗ್ ಯುರೋಪಿನಲ್ಲಿ 2005ರಲ್ಲಿ ಪ್ರಾರಂಭವಾಯಿತು. ಕೊಮೇನಿಯಸ್ 2014ರಲ್ಲಿ ಎರಾಸ್ಮಸ್ ಪ್ಲಸ್ ಯೋಜನೆಯಲ್ಲಿ ವಿಲೀನಗೊಂಡಿತು. 2020ರ ಅಂತ್ಯಕ್ಕೆ ಅದರಿಂದ ಹೊರನಡೆದ ಬ್ರಿಟನ್, 2027ರಲ್ಲಿ ಮರಳಿ ಸೇರುವುದಾಗಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು.

ನಮ್ಮ ನಗರಗಳ ಶಾಲೆಗಳು ಯುರೋಪಿನ ಶಾಲೆಯೊಂದನ್ನು ಜೊತೆಮಾಡಿಕೊಳ್ಳುವುದಾದರೆ ಮೊದಲು ಕ್ಯಾಲೆಂಡರ್ ನೋಡಬೇಕು. ಅಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಶಾಲೆ ತೆರೆದರೆ ಮುಂಬಯಿ, ಪುಣೆಗಳಲ್ಲಿ ಜೂನ್. ನಮ್ಮ ಮೇ ರಜೆ, ಅವರ ಜುಲೈ-ಆಗಸ್ಟ್ ರಜೆ, ದೀಪಾವಳಿ, ಕ್ರಿಸ್‌ಮಸ್ ಎಲ್ಲ ಕಳೆದರೆ ಕೂಡಿ ಕಲಿಯಲು ಉಳಿಯುವುದು ವರ್ಷಕ್ಕೆ ಆರೇಳು ತಿಂಗಳು. ಚಳಿಗಾಲದಲ್ಲಿ ಜರ್ಮನಿಯ ಬೆಳಗಿನ ಒಂಬತ್ತು ಗಂಟೆಯೆಂದರೆ ನಮ್ಮಲ್ಲಿ ಮಧ್ಯಾಹ್ನ ಒಂದೂವರೆ. ಬೆಳಗಿನ ಪಾಳಿಯ ಮಕ್ಕಳು ಆಗಲೇ ಮನೆ ಸೇರಿರುತ್ತಾರೆ, ಮಧ್ಯಾಹ್ನದ ಪಾಳಿಯ ತರಗತಿಗೆ ಮಾತ್ರ ಈ ಹೊತ್ತು ಹೊಂದಿಕೊಳ್ಳುತ್ತದೆ.